ಹನ್ನೊಂದನೆಯ ಚಿಟ್ಟೆಯ ಸರದಿ

ಮಾಧವರಂ, ಚೆನ್ನೈ
೧೭ ಏಪ್ರಿಲ್ ೨೦೨೫, ಗುರುವಾರ

ನನ್ನ ಸೂರಜ್‌ಗೆ,

ಫೋನು ಎತ್ತಬಾರದು ಎಂದು ನಿರ್ಧರಿಸಿಬಿಟ್ಟಿದ್ದೀಯ. ಇರಲಿ. ಕೊನೆಯ ಸಲ ಎತ್ತಿದಾಗ ನೀನು ಹೇಳಿದ್ದು ಒಂದೇ ಮಾತು: "ನಿಂಗೆ ಬರಿಯೂಕೆ ಬತ್ತಲ್ದಾ, ಬರ್ದ್ ಕಳ್ಸ್." ಅದು ಚುಚ್ಚಲಿಕ್ಕೆ ಹೇಳಿದ್ದು ಎಂದು ಗೊತ್ತು. ಆ ಸಿಟ್ಟಿನಲ್ಲೇ ಇಷ್ಟು ದಿನ ಬರೆಯದೆ ಕೂತೆ. ಈಗ ಬರೆಯುತ್ತಿದ್ದೇನೆ.

ಶನಿವಾರ ಅಪ್ಪಯ್ಯ ಎಗ್ಮೋರ್‌ಗೆ ಬಂದು ಇದನ್ನು ನಿನ್ನ ಹೋಟೆಲಿನ ಗಲ್ಲಾದಲ್ಲಿ ಕೊಡುತ್ತಾರೆ. "ಪೋಸ್ಟ್‌ಮ್ಯಾನ್ ಕೆಲ್ಸ ಒಂದ್ ಬಾಕಿ ಇದ್ದಿತ್ತ್ ನಂಗೆ" ಎಂದು ಗೊಣಗಿದರು. ಆದರೆ ಇವತ್ತೇ ಬಿಳಿ ಅಂಗಿ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದ್ದಾರೆ. ಅಳಿಯನನ್ನು ನೋಡಬಹುದು ಎಂಬ ಆಸೆ ಇರಬೇಕು.

ನನಗೂ ಆ ಆಸೆ ಇತ್ತು. ಹೋದ ತಿಂಗಳು ಎರಡು ಸಲ ಬಂದಿದ್ದೆ. ಒಳಗೆ ಬರಲಿಲ್ಲ. ರಸ್ತೆಯ ಈಚೆ ಬಸ್ ಸ್ಟಾಪಿನಲ್ಲಿ ನಿಂತು ಗಾಜಿನಾಚೆ ನಿನ್ನನ್ನು ನೋಡಿದೆ. ದೋಸೆಕಲ್ಲಿನ ಮುಂದೆ ಟೋಪಿ ಹಾಕಿಕೊಂಡು ನಿಂತಿದ್ದವನನ್ನು ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ, ಮಡಚುವ ಮೊದಲು ನೀನು ದೋಸೆಯ ಅಂಚನ್ನು ಎರಡು ಸಲ ಎತ್ತಿ ನೋಡಿದೆ. ಅಲ್ಲಿದ್ದ ಯಾರಿಗೂ ಅದೇನೆಂದು ಗೊತ್ತಿರಲಿಕ್ಕಿಲ್ಲ. ಪಾರ್ಕಿನ ಕಬ್ಬಿಣದ ಚಿಟ್ಟೆಯ ಕಂಬಿಯನ್ನೂ ನೀನು ಹಾಗೆಯೇ ಎರಡು ಸಲ ಎಳೆಯುತ್ತಿದ್ದೆ, ಮಲಗುವ ಮುಂಚೆ ನಮ್ಮ ಮನೆಯ ಚಿಲಕವನ್ನೂ. ಈಗ ಆ ಚಿಲಕವನ್ನು ನಾನು ಎಳೆಯುತ್ತೇನೆ. ಎರಡು ಸಲ. ಮೂರನೆಯ ಸಲ ಎಳೆದರೆ ನೀನು ಬೈಯುತ್ತೀಯೇನೋ ಎಂದು ಮೂರನೆಯ ಸಲವೂ ಎಳೆದು ನೋಡಿದ್ದೇನೆ.

ಸೋಮವಾರ ಪಾರ್ಕಿನ ಅಪಘಾತದ ವಿಚಾರಣೆ. ಕಂಪನಿಯವರು ನಿನ್ನ ಮುಂದೆ ಇಡುವ ಕಾಗದದಲ್ಲಿ ಏನಿದೆ ಎಂದು ಆಫೀಸಿನವರ ಬಾಯಿಯಿಂದಲೇ ಕೇಳಿದೆ. "ಬೆಳಗಿನ ತಪಾಸಣೆ ಮಾಡದೆ ಸಹಿ ಹಾಕಿದೆ, ಇದು ನನ್ನೊಬ್ಬನ ಅಜಾಗರೂಕತೆ." ನೀನು ಸಹಿ ಹಾಕುವವನಿದ್ದೀಯ ಎಂದೂ ಕೇಳಿದೆ. ಹಾಕಿದರೆ ಕಂಪನಿ ಕೈತೊಳೆದುಕೊಳ್ಳುತ್ತದೆ, ನೀನು ಮತ್ತೆ ಯಾವ ಪಾರ್ಕಿನ ಯಂತ್ರದ ಹತ್ತಿರವೂ ಹೋಗುವಂತಿಲ್ಲ. ಹಾಕಬೇಡ. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ಯಾಕೆ ಹಾಕಬಾರದು ಎಂದು ಹೇಳಬೇಕಾದರೆ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯಬೇಕು. ಅಲ್ಲಲ್ಲಿ ಬಿಟ್ಟು ಬರೆದರೆ ನಾನು ನಡುವೆ ಎಲ್ಲಾದರೂ ಜಾರಿಕೊಂಡುಬಿಡುತ್ತೇನೆ.

ತುಂಬಿಲ್ಯಾಂಡ್ ಬಾಗಿಲು ತೆರೆದದ್ದು ೧೯೯೪ರಲ್ಲಿ, ಮಾಧವರಂ ದಾಟಿದ ಮೇಲೆ ಹೆದ್ದಾರಿ ಬದಿಯ ಹಳೆಯ ಇಟ್ಟಿಗೆ ಗೂಡಿನ ಜಾಗದಲ್ಲಿ. ಒಂದು ಜೈಂಟ್ ವೀಲ್, ಮಕ್ಕಳ ರೈಲು, ಮಣ್ಣು ತೆಗೆದ ಹೊಂಡದಲ್ಲಿ ನಾಲ್ಕು ಪೆಡಲ್ ದೋಣಿ. ಕುಂದಾಪುರದಿಂದ ಬಂದ ವಿಷ್ಣುಮೂರ್ತಿ, ಅಂದರೆ ಅಪ್ಪಯ್ಯ, ಅದೇ ವರ್ಷ ಅಲ್ಲಿ ಕ್ಯಾಂಟೀನು ಹಿಡಿದರು. ಐದು ವರ್ಷದ ಮೇಲೆ ಅಲೆಗಳ ಕೊಳ ಬಂತು. ದೊಡ್ಡ ತುಂಬಿ ಎಂಬ ಸುತ್ತುವ ಯಂತ್ರ ಬಂದಾಗ ನನಗೆ ಮೂರು ವರ್ಷ. ಇಲ್ಲಿನವರ ತುಂಬಿ ಅಂದರೆ ನಮ್ಮ ಏರೋಪ್ಲೇನ್ ಚಿಟ್ಟೆ. ಹನ್ನೆರಡು ಕಬ್ಬಿಣದ ಚಿಟ್ಟೆಗಳು, ಒಂದೊಂದರಲ್ಲಿ ಇಬ್ಬರು, ತೊಡೆಯ ಮೇಲೆ ಅಡ್ಡ ಕಂಬಿ. ಸುತ್ತುತ್ತಾ ಮೇಲೇರಿ, ಓರೆಯಾಗಿ ತೂಗಿ, ಇಳಿದು ಬರುವುದು. ನಾನು ಅಂಕಿ ಕಲಿತದ್ದು ಅವುಗಳ ಬೆನ್ನ ಮೇಲಿನ ನಂಬರು ನೋಡಿ. ಕನ್ನಡ ಅಕ್ಷರ ಕಲಿತದ್ದು ಕ್ಯಾಂಟೀನಿನ ಕರಿಹಲಗೆಯ ಮೇಲೆ. ಅಪ್ಪಯ್ಯ ತಿಂಡಿಗಳ ಹೆಸರು ಬರೆಯುತ್ತಿದ್ದರು, ನಾನು ಕೆಳಗೆ ತಿದ್ದುತ್ತಿದ್ದೆ. ಉಳಿದ ವಿದ್ಯೆಯೆಲ್ಲ ಮಾಧವರಂ ಬಸ್ ನಿಲ್ದಾಣದ ಮೇಜಿನ ಮೇಲೆ ಕಾರ್ಮಿಕ ಸಂಘದವರು ಹರಡಿಡುತ್ತಿದ್ದ ಕಿರುಹೊತ್ತಿಗೆಗಳಿಂದ ಬಂದದ್ದು. ನೀನು ತಮಾಷೆ ಮಾಡುತ್ತಿದ್ದೆ: "ವೀಕ್ಷಾ ಮೂವತ್ತೆರಡು ಪುಟಕ್ಕಿಂತ ದಪ್ಪ ಪುಸ್ತಕ ಇದ್ರೆ ನಂಬೂದೇ ಇಲ್ಲೆ."

ಹೋದ ವರ್ಷ ಕಂಪನಿ ಗೇಟಿನ ಮೇಲೆ ಬೋರ್ಡು ಏರಿಸಿತು. "ಮೂವತ್ತು ವರ್ಷ, ಶೂನ್ಯ ಅಪಘಾತ." ಅದನ್ನು ನೋಡಿ ನನ್ನ ಮೈ ಉರಿದುಹೋಯಿತು. ಜೈಂಟ್ ವೀಲ್ ಮೂರು ಗಂಟೆ ಮೇಲೆಯೇ ನಿಂತು ಜನ ಕಿರುಚಿದ್ದನ್ನು ಅಪ್ಪಯ್ಯ ಕಣ್ಣಾರೆ ನೋಡಿದ್ದರು. ಅಲೆಗಳ ಕೊಳದಲ್ಲಿ ಮುಳುಗಿ ತೀರಿಕೊಂಡ ಕಾಲೇಜು ಹುಡುಗ ಮೋಹನ್‌ನ ಚಪ್ಪಲಿ ಎರಡು ದಿನ ನಮ್ಮ ಕ್ಯಾಂಟೀನಿನ ಮೆಟ್ಟಿಲ ಹತ್ತಿರವೇ ಇತ್ತು, ನಾನು ಅದನ್ನು ದಾಟಿಕೊಂಡು ಶಾಲೆಗೆ ಹೋಗಿದ್ದೆ. ಮಕ್ಕಳ ರೈಲಿನ ಕೊಂಡಿಗೆ ಸಿಕ್ಕಿ ಟಿಕೆಟ್ ಹರಿಯುವ ಅಕ್ಕನ ಎರಡು ಬೆರಳು ಹೋದವು. ಇದೆಲ್ಲ ಸೊನ್ನೆಯೇ? ನಾನು ಒಂದೊಂದನ್ನೂ ಕೇಳಿ, ತಾರೀಖು ಹುಡುಕಿ, ಇಪ್ಪತ್ತನಾಲ್ಕು ಪುಟದ ತಮಿಳು ಹೊತ್ತಿಗೆ ಬರೆಯಲು ಕೂತೆ. ಯಂತ್ರಗಳ ವಿಷಯದಲ್ಲಿ ತಪ್ಪಾಗಬಾರದು ಎಂದು ನಿನ್ನನ್ನು ಕೇಳುತ್ತಿದ್ದೆ. ನೀನು ಅನ್ನ ಕಲಸುತ್ತಾ ಹೇಳುತ್ತಿದ್ದೆ, ನಾನು ಊಟ ಬಿಟ್ಟು ಬರೆದುಕೊಳ್ಳುತ್ತಿದ್ದೆ. ನಮ್ಮ ಮದುವೆಯಾದ ಮೇಲೆ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ ಸೂರಜ್. ಆಗ ಗೊತ್ತಾಗಲಿಲ್ಲ.

ಆ ಹೊತ್ತಿಗೆಯಲ್ಲಿ ನಾನು ಹೊಗಳಿ ಬರೆದ ಮನುಷ್ಯ ಒಬ್ಬರೇ, ಸೀತಾರಾಮ ಮಾಮ. ಮೊದಲ ಫಿಟ್ಟರ್. ಬೆಳಗಿನ ಸುತ್ತು ಎಂಬ ಪದ್ಧತಿ ಹಾಕಿದವರು ಅವರು. ಗೇಟು ತೆರೆಯುವ ಮೊದಲು ಮರಳಿನ ಮೂಟೆ ಕೂರಿಸಿ ಮೂರು ಸುತ್ತು. ಆಮೇಲೆ ಯಂತ್ರ ನಡೆಸುವವನು ತಾನೇ ಕೂತು ಒಂದು ಸುತ್ತು, ದಿನಕ್ಕೊಂದು ಚಿಟ್ಟೆಯಂತೆ, ಗೋಡೆಯ ಪಟ್ಟಿಯ ಸರದಿ ಪ್ರಕಾರ. ಕಂಬಿಗೆ ಎದೆ ಒತ್ತಬೇಕು, ಬಾಗಬೇಕು, ಕುಪ್ಪಳಿಸಬೇಕು. ಇಳಿದ ಮೇಲೆಯೇ ತಪಾಸಣೆ ಪುಸ್ತಕದಲ್ಲಿ ಸಹಿ. ಹೊಸಬರು ನಕ್ಕರೆ ಮಾಮ ಗದರುತ್ತಿದ್ದರಂತೆ: "ಮೂಟಿ ಸುಳ್ಳ್ ಹೇಳತ್ತ್ ಮಾರಾಯಾ, ಅಂಡ್ ಸುಳ್ಳ್ ಹೇಳೂದಿಲ್ಲೆ." ಪಾರ್ಕು ಹೊಸ ಕಂಪನಿಯ ಕೈಗೆ ಬಂದ ಮೇಲೆ ಹನ್ನೊಂದು ಮಂದಿ ಫಿಟ್ಟರುಗಳು ನಾಲ್ವರಾದರು, ಮೂಟೆ ಹೊರುವವರೇ ಇಲ್ಲದೆ ಮೂಟೆಯ ಸುತ್ತು ನಿಂತುಹೋಯಿತು. ಆಳಿನ ಸುತ್ತು ಮಾತ್ರ ಉಳಿಯಿತು. ಅದನ್ನು ನೀನು ಒಂಬತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನಮ್ಮ ಮದುವೆಯ ಮರುದಿನವೂ.

ಜನವರಿ ಹದಿನಾರು, ಕಾಣುಂ ಪೊಂಗಲ್. ಊರಿಗೆ ಊರೇ ಮನೆ ಬಿಟ್ಟು ಸುತ್ತಲು ಹೊರಡುವ ದಿನ. ಒಂಬತ್ತಕ್ಕೆ ಗೇಟು, ಎಂಟಕ್ಕೇ ಹೊರಗೆ ಸಾಲು. ಅಂದು ಸಂಜೆ ಅದೇ ಗೇಟಿನಲ್ಲಿ ಆ ಜನರಿಗೆಲ್ಲ ಹೊತ್ತಿಗೆ ಹಂಚಬೇಕು ಎಂಬುದು ನನ್ನ ಹಟ. ಪ್ರೆಸ್ಸಿನವನು ಹಬ್ಬದ ದಿನವೂ ನನಗಾಗಿ ಶಟರು ಅರ್ಧ ಎತ್ತಿ ಕಾದಿದ್ದ. ಕರಡು ಪ್ರತಿಯನ್ನು ನೀನು ಒಮ್ಮೆ ನೋಡಬೇಕಿತ್ತು. ಎಂಟು ಗಂಟೆಗೆ ನಿನ್ನನ್ನು ಕ್ಯಾಂಟೀನಿನ ಹಿಂಬದಿಯ ಕಟ್ಟೆಗೆ ಕರೆದೆ. ನೀನು ತಮಿಳನ್ನು ಬೆರಳಿಟ್ಟು ಓದುವವನು. ಒಂದೊಂದು ಪುಟಕ್ಕೂ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲೇ ಫೋನಿನಲ್ಲಿ ಪ್ರೆಸ್ಸಿನವನ ಹತ್ತಿರ ಕಾಗದದ ದಪ್ಪದ ಬಗ್ಗೆ ಜಗಳ ಆಡುತ್ತಿದ್ದೆ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ನೀನು ಎದ್ದು ಓಡಿದೆ. ಪುಸ್ತಕಕ್ಕೆ ಸಹಿ ಹಾಕುವಷ್ಟು ಹೊತ್ತು ಮಾತ್ರ ಇತ್ತು. ಕೂರುವಷ್ಟು ಇರಲಿಲ್ಲ. ಆ ಗಡಿಬಿಡಿಯಲ್ಲಿ ನನಗೆ ಸುತ್ತಿನ ನೆನಪೇ ಬರಲಿಲ್ಲ.

ಹನ್ನೊಂದೂವರೆಗೆ, ಚಿಟ್ಟೆಯಲ್ಲಿ ಕೂತಿದ್ದ ಚಿಕ್ಕತಾಯಮ್ಮ ಬಿದ್ದರು. ಚಿಟ್ಟೆ ಇಳಿಯುತ್ತಾ ಓರೆಯಾದಾಗ ಕಂಬಿ ಬಿಚ್ಚಿಕೊಂಡಿತು. ಎಂಟು ಅಡಿ ಎತ್ತರ. ಸೊಂಟದ ಮೂಳೆ ಮುರಿಯಿತು. ಹನ್ನೊಂದನೆಯ ಚಿಟ್ಟೆ. ನೀನು ಅವರನ್ನು ಎತ್ತಿಕೊಂಡು ಓಡುತ್ತಿದ್ದಾಗ ನಾನು ಕಂಟ್ರೋಲ್ ರೂಮಿಗೆ ಹೋಗಿ ಗೋಡೆಯ ಪಟ್ಟಿ ನೋಡಿದೆ. ಅಂದಿನ ಸರದಿ ಅದರದ್ದೇ ಆಗಿತ್ತು.

ಆಮೇಲೆ ನಾನು ಏನು ಮಾಡಿದೆ ಎಂದು ನಿನಗೆ ಗೊತ್ತು. ಆ ರಾತ್ರಿಯೇ ಎರಡನೆಯ ಹೊತ್ತಿಗೆ ಬರೆಯಲು ಕೂತೆ. ಆ ಚಿಟ್ಟೆಯ ಸ್ಪ್ರಿಂಗು ಸಡಿಲಾಗಿದೆ, ಬದಲಿಸಿ ಎಂದು ನೀನು ಆಗಸ್ಟಿನಿಂದ ಮೂರು ಸಲ ಬರೆದುಕೊಟ್ಟದ್ದನ್ನು ಅಚ್ಚು ಹಾಕಿಸಿದೆ. ಅದು ನಿಜ. ಅದರ ಕೆಳಗೆ, "ಅಂದು ಬೆಳಿಗ್ಗೆಯೂ ಕಾರ್ಮಿಕನು ತನ್ನ ಸುತ್ತನ್ನು ಪೂರ್ತಿಯಾಗಿ ಮುಗಿಸಿದ್ದನು" ಎಂದೂ ಬರೆದೆ. ಅದು ಸುಳ್ಳು. ನೀನು ಆ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದೆ. "ನಾನ್ ಕೂತ್ಕಣ್ಲಿಲ್ಲೆ ಅಂತ ಬರಿ" ಎಂದೆ. ಬರೆದರೆ ಕಂಪನಿಯ ಕೈಗೆ ನಾವೇ ಕತ್ತಿ ಕೊಟ್ಟ ಹಾಗೆ ಎಂದೆ ನಾನು. ಕಾರ್ಮಿಕನ ತಪ್ಪು ಎಂಬುದೊಂದು ಇಲ್ಲವೇ ಇಲ್ಲ, ಇರುವುದೆಲ್ಲ ವ್ಯವಸ್ಥೆಯ ತಪ್ಪು ಎಂದು ಕಿರುಚಿದೆ. ನೀನು ಕೇಳಿದೆ: "ಆ ಅಮ್ಮನ ಸೊಂಟ ವ್ಯವಸ್ಥೆಯ ಮೇಲ್ ಬಿದ್ ಮುರ್ದದ್ದಾ?" ನಾನು ನಿನ್ನನ್ನು ಹೇಡಿ ಎಂದೆ. ಮರುದಿನ ನೀನು ಆಫೀಸಿಗೆ ಹೋಗಿ, ನಾನೇ ತಡವಾಗಿ ಬಂದೆ, ಕೂರಲಿಲ್ಲ ಎಂದು ಹೇಳಿ ಬಂದು ಬಟ್ಟೆ ತುಂಬಿಕೊಂಡು ಹೊರಟುಹೋದೆ. ಯಾಕೆ ತಡವಾಯಿತು ಎಂದು ಅವರೂ ಕೇಳಿರಬೇಕು. ಅದನ್ನು ನೀನು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಅದೊಂದು ಮಾತನ್ನು ನೀನು ನನ್ನ ಮುಖಕ್ಕೆ ಎಸೆದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಹೋದ ಭಾನುವಾರ ಪೆರುಂಗುಡಿಗೆ ಹೋಗಿದ್ದೆ. ಚಿಕ್ಕತಾಯಮ್ಮನವರ ಮಗಳು ರಚನಾ ಅಲ್ಲೇ ಕೆಲಸದಲ್ಲಿರುವುದು. ಮಂಡ್ಯದ ಕಡೆಯಿಂದ ಮಗಳ ಮನೆಗೆ ಬಂದ ಚಿಕ್ಕತಾಯಮ್ಮ ಬಿದ್ದ ಮೇಲೆ ಇಲ್ಲೇ ಉಳಿದಿದ್ದಾರೆ. ವಿಚಾರಣೆಗೆ ಮೊದಲು ಅವರ ಬಾಯಿಂದ ಕಂಪನಿಯ ವಿರುದ್ಧ ನಾಲ್ಕು ಮಾತು ಬರೆಸಿಕೊಳ್ಳಬೇಕು ಎಂಬುದೇ ನನ್ನ ಲೆಕ್ಕಾಚಾರ. ನಾಲ್ಕು ಕಾಲಿನ ಸ್ಟ್ಯಾಂಡು ಹಿಡಿದು ನಡೆದು ಬಂದರು. ನಾನು ಯಾರೆಂದು ಗೊತ್ತಾಗುತ್ತಲೇ ಅವರು ಮೊದಲು ಕೇಳಿದ್ದು ನಿನ್ನನ್ನು.

"ಆ ಉಡ್ಗ ಎಲ್ಲವ್ನೆ ಕಣವ್ವ? ಭಯ ಬೀಳ್ಬೇಡಿ ಅಮ್ಮ ಅಂತ ನಮ್ ಮಾತಲ್ಲೇ ಅಂದ. ಈ ಊರ್ಗೆ ಬಂದು ಒಂದ್ ತಿಂಗ್ಳಾಗಿತ್ತು, ಮಗ್ಳು ಬಿಟ್ರೆ ನಮ್ ಮಾತಾಡ್ದೋನು ಅವ್ನೇ ಮೊದ್ಲು. ಬಿದ್ದಾಗ್ಲೂ ಎತ್ಕೊಂಡು ಓಡ್ದ, ಅಳ್ತಾ ಓಡ್ದ. ನಾನೇ ಸಮಾಧಾನ ಮಾಡ್ದೆ."

ನಾನು ಪೆನ್ನು ತೆಗೆದೆ. ನಿಮಗೆ ಯಾರ ಮೇಲೆ ಸಿಟ್ಟಿದೆ ಎಂದು ಕೇಳಿದೆ. ನೋಡು, ನಾನು ಅಂಥ ಪ್ರಶ್ನೆ ಕೇಳಿದೆ.

"ಯಾರ್ ಮ್ಯಾಲೆ ಸಿಟ್ ಮಾಡ್ಲಿ? ನೀನ್ ಬರ್ದ್ ಪುಸ್ತಕಾನ ಮಗ್ಳು ತಂದು ಓದ್ ಹೇಳುದ್ಲು. ಅವ್ನು ಬೆಳಿಗ್ಗೇನೆ ಕೂತು ನೋಡಿದ್ನಂತೆ. ಅಂತ ಗಂಡಾಳು ಕೂತಾಗ ನಿಂತಿದ್ ಕಂಬಿ ನನ್ ಕೈಲಿ ಯಾಕ್ ಬಿಚ್ಕತ್ತು? ನಾನೇ ಏನೋ ಅಲ್ಲಾಡ್ಸ್‌ಬುಟ್ಟೆ ಕಣವ್ವ. ಮಗ್ಳಿಗೂ ಅದೇ ಹೇಳ್ದೆ, ನಂದೇ ತಪ್ಪು ಕಣೆ, ಸುಮ್ನೆ ಯಾರ್ ಮ್ಯಾಲೂ ಕೇಸು ಬ್ಯಾಡ ಅಂತ."

ಒಳಗಿನಿಂದ ರಚನಾ "ಅಮ್ಮ, ಮತ್ತೆ ಶುರು ಮಾಡ್ಬೇಡ" ಎಂದಳು. ದಿನವೂ ಇದೇ ಮಾತಂತೆ. ಊಟಕ್ಕೆ ಕೂತಾಗ, ವ್ಯಾಯಾಮ ಮಾಡಿಸುವಾಗ, ಕೈಯನ್ನು ತೊಡೆಯ ಮೇಲಿಟ್ಟು, ಹೀಗೆ ಹಿಡಿದಿದ್ದೆನೋ ಹಾಗೆ ಹಿಡಿದಿದ್ದೆನೋ ಎಂದು ನೋಡಿಕೊಳ್ಳುತ್ತಾರಂತೆ. ನಾನು ಅಚ್ಚು ಹಾಕಿಸಿದ ಒಂದು ಸಾಲು ಅವರನ್ನು ಮೂರು ತಿಂಗಳಿಂದ ಆ ಚಿಟ್ಟೆಯಲ್ಲೇ ಕೂರಿಸಿದೆ. ನಿನ್ನನ್ನು ಉಳಿಸಲು, ಹೋರಾಟವನ್ನು ಉಳಿಸಲು ಎಂದು ಬರೆದದ್ದು. ಅದು ಯಾರನ್ನೂ ಉಳಿಸಲಿಲ್ಲ. ಕಂಪನಿ ಮೂರು ಅಪಘಾತ ಅಳಿಸಿ ಬೋರ್ಡು ಬರೆಸಿತು. ನಾನು ಐವತ್ತೈದು ನಿಮಿಷ ಅಳಿಸಿ ಹೊತ್ತಿಗೆ ಬರೆದೆ.

ಅಲ್ಲೇ ಅವರ ಕಾಲ ಹತ್ತಿರ ಕೂತು ಹೇಳಿದೆ. ಅಂದು ಸೂರಜ್ ಕೂತು ನೋಡಲಿಲ್ಲ ಅಮ್ಮ, ನಾನು ಬಿಡಲಿಲ್ಲ, ನನ್ನ ಕಾಗದ ಓದಿಸುತ್ತಿದ್ದೆ ಎಂದೆ. ಬೈಯುತ್ತಾರೆ ಎಂದುಕೊಂಡೆ. "ಹಂಗಾರೆ ನಾನೇನೂ ಮಾಡ್ನಿಲ್ಲ ಅನ್ನು" ಎಂದರು. ಎರಡು ಸಲ ಅಂದರು. ಆಮೇಲೆ ಮಗಳನ್ನು ಕರೆದು ಕಾಫಿ ಮಾಡಲು ಹೇಳಿದರು. ನನ್ನ ಮುಖ ನೋಡಲಿಲ್ಲ, ಆದರೆ ಕಾಫಿ ಕುಡಿಯದೆ ಏಳಲು ಬಿಡಲಿಲ್ಲ.

ಆದ್ದರಿಂದ ಸೋಮವಾರ ನಾನೂ ಬರುತ್ತೇನೆ, ಎಲ್ಲವನ್ನೂ ಹೇಳುತ್ತೇನೆ. ಸ್ಪ್ರಿಂಗಿಗಾಗಿ ನೀನು ಮೂರು ಸಲ ಬರೆದದ್ದು ನಿಜ. ಅಂದು ನೀನು ಕೂರಲಿಲ್ಲ ಎಂಬುದು ನಿಜ. ತಡೆದವಳು ನಾನು. ಇದೆಲ್ಲ ಒಟ್ಟಿಗೆ ಇರುವ ಕಾಗದಕ್ಕೆ ಬೇಕಾದರೆ ಸಹಿ ಹಾಕು. "ನನ್ನೊಬ್ಬನ" ಎಂಬ ಮಾತಿರುವ ಯಾವ ಕಾಗದಕ್ಕೂ ಹಾಕಬೇಡ. ಆಮೇಲೆ ನನ್ನ ಹೊತ್ತಿಗೆಗಳನ್ನು ಯಾರೂ ನಂಬದೆ ಹೋಗಬಹುದು. ನಂಬುವಂತೆ ಮತ್ತೆ ಬರೆಯುತ್ತೇನೆ. ಕಂಪನಿಯ ಮೇಲಿನ ನನ್ನ ಸಿಟ್ಟು ಒಂದು ತೊಲೆಯೂ ಕಮ್ಮಿಯಾಗಿಲ್ಲ, ಅದನ್ನು ಮಾತ್ರ ತಪ್ಪು ತಿಳಿಯಬೇಡ.

ಕ್ಯಾಂಟೀನು ಹೋದೀತು ಎಂದು ಅಪ್ಪಯ್ಯನಿಗೆ ಹೇಳಿದೆ. ಇಡ್ಲಿ ತಟ್ಟೆ ಒರೆಸುತ್ತಾ ಕೇಳಿಸಿಕೊಂಡರು. "ಹೋದ್ರೆ ಹೋಯಿಲಿ. ಎಗ್ಮೋರಂಗೆ ಅಳಿಯನ್ ಪಕ್ಕ ಇನ್ನೊಂದ್ ಕಲ್ಲ್ ಇಡ್ತೆ. ಅಂವ ಹೊಯ್ದ ದ್ವಾಸಿ ಎಷ್ಟ್ ಚಂದ ಆತ್ತ್ ಕಾಂಬ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, ಯಾರಿಗೋ ಹೇಳುವ ಹಾಗೆ, "ಮನೀಗ್ ಬಂದ್ ಹೊಯ್ದ್ರೂ ಅಡ್ಡಿಲ್ಲೆ" ಎಂದರು.

ದೊಡ್ಡ ತುಂಬಿಗೆ ಈಗ ಸುತ್ತ ತಗಡು ಹೊಡೆದಿದ್ದಾರೆ. ಹನ್ನೊಂದನೆಯ ಚಿಟ್ಟೆಯನ್ನು ಬಿಚ್ಚಿ ಒಯ್ದಿದ್ದಾರೆ, ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಬರೀ ತೋಳು ಚಾಚಿಕೊಂಡಿದೆ. ಬೆಳಿಗ್ಗೆ ಎಂಟಕ್ಕೆ ಕ್ಯಾಂಟೀನಿನ ಕಿಟಕಿ ತೆರೆಯುವಾಗ ಕಿವಿ ತಾನಾಗಿಯೇ ಆ ಕಡೆ ಹೋಗುತ್ತದೆ. ಖಾಲಿ ಯಂತ್ರ ನಿನ್ನೊಬ್ಬನನ್ನೇ ಹೊತ್ತು ಸುತ್ತುವ ಸದ್ದು. ಮೇಲಿಂದ ನೀನು ಬೇಕೆಂದೇ ಸೀಟಿ ಹೊಡೆಯುತ್ತಿದ್ದೆ, ನಾನು ಬೇಕೆಂದೇ ತಲೆ ಎತ್ತುತ್ತಿರಲಿಲ್ಲ. ಅಪ್ಪಯ್ಯನ ಮುಂದೆ ನಾಚಿಕೆ. ಯಾಕೆ ಎತ್ತಲಿಲ್ಲವೋ. ಒಂಬತ್ತು ವರ್ಷ ದಿನವೂ ಒಂದು ಸುತ್ತು, ನಾನು ಒಂದು ದಿನವಾದರೂ ತಲೆ ಎತ್ತಿ ನೋಡಬಹುದಿತ್ತು.

ಸೋಮವಾರ ಬರುವಾಗ ನೀಲಿ ಅಂಗಿ ಹಾಕಿಕೊಂಡು ಬಾ. ಜನರ ನಡುವೆ ದೂರದಿಂದಲೇ ಕಾಣಿಸುತ್ತೀಯ.

ಬಾಗಿಲ ಚಿಲಕ ಎರಡು ಸಲ ಎಳೆದು ಕೂತಿರುವ,
ನಿನ್ನ
ವೀಕ್ಷಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಒಂದು ಕಡೆ "ನನಗೆ ಸುತ್ತಿನ ನೆನಪೇ ಬರಲಿಲ್ಲ" ಎಂದು ಬರೆದಿದ್ದೇನೆ. ಇಷ್ಟೆಲ್ಲ ಒಪ್ಪಿಕೊಳ್ಳುವಾಗಲೂ ಆ ಒಂದು ಸಾಲು ಕೈತಪ್ಪಿ ಬಂತು. ಹೊಡೆದು ಹಾಕುವುದಿಲ್ಲ, ಇರಲಿ, ನಾನು ಎಂಥವಳು ಎಂದು ನಿನಗೂ ಗೊತ್ತಿರಲಿ. ಅಂದು ನಾನು ಫೋನಿನಲ್ಲಿದ್ದಾಗ ನೀನು ಕರಡಿನ ಹದಿನೇಳನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ನನ್ನ ಕಡೆ ತಳ್ಳಿದೆ: "ಗಂಟೆ ಎಂಟೂ ಮುಕ್ಕಾಲು. ಸುತ್ತು ಬಾಕಿ ಇತ್ತ್. ಬಿಡ್ ಮಾರಾಯ್ತಿ, ಉಳ್ದದ್ ಮಧ್ಯಾಹ್ನ ಓದ್ತೆ." ನಾನು ಓದಿದೆ. ಓದಿ, ಫೋನು ಇಡದೆ, ನಿನಗೆ ಕೈ ತೋರಿಸಿ ಕೂರಿಸಿದೆ. ನಿನ್ನೆ ಆ ಪುಟದ ಜೆರಾಕ್ಸನ್ನು ವಿಚಾರಣೆಯ ಆಫೀಸಿಗೆ ಕೊಟ್ಟು ಬಂದೆ, ಆದ್ದರಿಂದ ಇದು ನಿನ್ನ ಅನುಮತಿ ಕೇಳುವ ಕಾಗದವಲ್ಲ. ಸೋಮವಾರ ಮೂಲ ಪ್ರತಿಯನ್ನೇ ತರಬೇಕಂತೆ. ಮೂರು ತಿಂಗಳಿಂದ ಅದು ನನ್ನ ದಿಂಬಿನ ಕೆಳಗಿದೆ ಸೂರಜ್. ಸಾಕ್ಷಿ ಎಂದು ಇಟ್ಟುಕೊಂಡದ್ದಲ್ಲ. ನೀನು ನನಗೆ ಬರೆದದ್ದು ಅದೊಂದೇ. ಅದನ್ನು ಕೊಟ್ಟ ಮೇಲೆ ನಿನ್ನ ಕೈಬರಹ ನನ್ನ ಹತ್ತಿರ ಇರುವುದಿಲ್ಲ. ಅಪ್ಪಯ್ಯ ಗಲ್ಲಾದ ಹತ್ತಿರ ಹತ್ತು ನಿಮಿಷ ಕಾಯುತ್ತಾರೆ. ಬಿಲ್ಲಿನ ಹಿಂದೆ ಒಂದು ಸಾಲು ಬರೆದು ಕೊಡು. ಬೈಗುಳವಾದರೂ ಸರಿ.